ಒಂದೇ ಜೊತೆ ಕಾಲುಚೀಲ

ಮೊದಲ ಸಲ ಸ್ಕೀಯಿಂಗಿಗೆ ಹೋದಾಗ ನನ್ನ ಮಗ ಹಿಮದ ಮೇಲೆ ಇದ್ದದ್ದು ಇಪ್ಪತ್ತು ನಿಮಿಷ. ಕಾರಿನಲ್ಲಿ ಇದ್ದದ್ದು ಹನ್ನೆರಡು ಗಂಟೆ. ಈ ಲೆಕ್ಕವನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಇಲ್ಲಿಂದ ಸಿಯೆರಾ ನೆವಾಡಾ ಬೆಟ್ಟಸಾಲಿನ ಟ್ರಕೀ ಊರಿಗೆ, ರಸ್ತೆ ಖಾಲಿಯಿದ್ದರೆ, ಮೂರೂವರೆ ಗಂಟೆಯ ದಾರಿ. ‘ಖಾಲಿಯಿದ್ದರೆ’ ಎಂಬ ಮಾತಿನ ಬೆಲೆ ನಮಗೆ ಆಗ ಗೊತ್ತಿರಲಿಲ್ಲ. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ, ಮೂರು ದಿನ ಸಾಲು ರಜೆ. ಶನಿವಾರ ನಿಧಾನವಾಗಿ ಎದ್ದು, ದೋಸೆ ತಿಂದು, ಏಳೂವರೆಗೆ ಹೊರಟೆವು. ಆ ಹೊತ್ತಿಗಾಗಲೇ ಸುತ್ತಲಿನ ಊರುಗಳ ಅರ್ಧ ಜನ ಐ-80 ಹೆದ್ದಾರಿಯಲ್ಲಿ ನಮಗಿಂತ ಮುಂದಿದ್ದರು. ಬೆಟ್ಟ ಹತ್ತುವ ಮೊದಲೇ ಫಲಕ ಕಂಡಿತು: ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಚೈನ್ ಕಡ್ಡಾಯ. ನಮ್ಮ ಮಿನಿವ್ಯಾನಿನಲ್ಲಿ ಪುಳಿಯೋಗರೆ ಇತ್ತು, ಥರ್ಮಾಸಿನಲ್ಲಿ ಕಾಫಿ ಇತ್ತು, ಚೈನ್ ಇರಲಿಲ್ಲ. ರಸ್ತೆ ಬದಿಯಲ್ಲಿ ಹಣ ಪಡೆದು ಚೈನ್ ಕಟ್ಟಿಕೊಡುವವರು ನಿಂತಿರುತ್ತಾರೆ, ಆದರೆ ಅವರು ಚೈನ್ ಮಾರುವಂತಿಲ್ಲ. ಹಿಂದಕ್ಕೆ ತಿರುಗಿ ಕೆಳಗಿನ ಊರಿನ ಅಂಗಡಿಯಲ್ಲಿ, ಕೇಳಿದಷ್ಟು ಕೊಟ್ಟು ಕೊಂಡೆವು. ತಲುಪಿದಾಗ ಮಧ್ಯಾಹ್ನ ಒಂದೂಕಾಲು. ಮಕ್ಕಳ ತರಬೇತಿ ತರಗತಿಗಳೆಲ್ಲ ಭರ್ತಿ. ಬಾಡಿಗೆ ಬೂಟಿನ ಸಾಲಿನಲ್ಲಿ ಮತ್ತೊಂದು ಗಂಟೆ.

ಕೊನೆಗೂ ಹಿಮದ ಮೇಲೆ ಕಾಲಿಟ್ಟಾಗ, ಚಳಿಯಾದೀತೆಂದು ನಾನೇ ಅಕ್ಕರೆಯಿಂದ ತೊಡಿಸಿದ್ದ ಎರಡು ಜೊತೆ ಹತ್ತಿ ಕಾಲುಚೀಲ ಮಗನ ಕಾಲನ್ನು ಹಿಂಡತೊಡಗಿದವು. ಇವರು ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು ಮಗಳಿಗೆ ಹೇಳಿಕೊಡಲು ಹೋಗಿ, ಅಪ್ಪ ಮಗಳು ಇಬ್ಬರೂ ಮಾತು ಬಿಟ್ಟರು. ಮರುದಿನ ಮಗಳ ಗದ್ದದ ಕೆಳಭಾಗ, ಮೂಗಿನ ಹೊಳ್ಳೆಯ ಅಂಚು ಸುಟ್ಟು ಕೆಂಪಾಗಿತ್ತು. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರವರೆಗೆ ಹಿಂದಕ್ಕೆ ಎರಚುತ್ತದೆ ಎಂದು ಆಮೇಲೆ ಓದಿದೆ. ಬಿಸಿಲು ನೆಲದಿಂದಲೂ ಬರುತ್ತದೆ ಎಂದು ತೀರ್ಥಹಳ್ಳಿಯಲ್ಲಿ ಬೆಳೆದವಳಿಗೆ ಹೇಗೆ ಹೊಳೆಯಬೇಕು?

ಮರುವರ್ಷ ಅಮ್ಮ ಊರಿನಿಂದ ಬಂದಿದ್ದಳು. ಮಕ್ಕಳು ಅಜ್ಜಿಗೆ ಹಿಮ ತೋರಿಸಬೇಕೆಂದು ಹಟ ಹಿಡಿದರು. ಸರಿ, ಈ ಸಲ ಯೋಜನೆ ನನ್ನದು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದೆ.

ದಿನವನ್ನು ಮಾರ್ಚ್ ತಿಂಗಳಿಗೆ ಹಾಕಿದೆ. ಡಿಸೆಂಬರ್, ಜನವರಿಯ ಹಗಲು ಚಿಕ್ಕದು, ಚಳಿ ಕಟು. ಮಾರ್ಚಿನಲ್ಲಿ ಬೆಟ್ಟದ ಮೇಲೆ ಹಿಮ ಇನ್ನೂ ದಪ್ಪಗಿರುತ್ತದೆ, ಮಕ್ಕಳ ಬೆರಳು ಮರಗಟ್ಟುವುದಿಲ್ಲ. ಒಂದು ತೊಂದರೆಯೆಂದರೆ ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಕಲಸಿದ ರಾಗಿ ಅಂಬಲಿಯಂತಾಗುತ್ತದೆ. ಹೊಸಬರ ಕಾಲು ಅದರಲ್ಲಿ ಹೂತು ಸುಸ್ತಾಗುತ್ತದೆ. ಆದ್ದರಿಂದ ಬೆಳಗ್ಗೆ ಬೇಗ ಶುರು, ಎರಡು ಗಂಟೆಗೆ ಮುಕ್ತಾಯ ಎಂದು ಬರೆದಿಟ್ಟೆ. ವಾರ ಶುಕ್ರವಾರ. ಮಕ್ಕಳಿಗೆ ಶಾಲೆ ಇರಲಿಲ್ಲ, ನಾವಿಬ್ಬರೂ ಕಚೇರಿಗೆ ರಜೆ ಹಾಕಿದೆವು. ವಾರಾಂತ್ಯದ ರಸ್ತೆಗೆ ಹೋಲಿಸಿದರೆ ಒಂದು ದಿನದ ರಜೆ ಏನೂ ಅಲ್ಲ.

ಇವರಿಗೆ 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಬೆಟ್ಟಕ್ಕೇ, ಈಗ ಪ್ಯಾಲಿಸೇಡ್ಸ್ ಟಾಹೋ ಎಂದು ಕರೆಯುವಲ್ಲಿಗೇ ಹೋಗಬೇಕೆಂಬ ಆಸೆ. ಈಜು ಬಾರದವನಿಗೆ ಕೆರೆ ಎಷ್ಟು ದೊಡ್ಡದಾದರೇನು ಎಂದೆ. ದೊಡ್ಡ ಬೆಟ್ಟದ ಟಿಕೆಟ್ಟಿನ ಹಣ ನಾವು ಹತ್ತಲಾರದ ಶಿಖರಕ್ಕೆ ಕೊಡುವ ಬಾಡಿಗೆ. ಟ್ರಕೀ, ಡಾನರ್ ಕಣಿವೆಯ ಸುತ್ತ ಟಾಹೋ ಡಾನರ್, ಸೋಡಾ ಸ್ಪ್ರಿಂಗ್ಸ್, ಬೋರಿಯಲ್‌ನಂಥ ಸಣ್ಣ ತಾಣಗಳಿವೆ. ಅಂಥದ್ದೊಂದನ್ನು ಆರಿಸುವಾಗ ಮೂರು ವಿಷಯ ನೋಡಿದೆ: ಹಸಿರು ವೃತ್ತದ ಗುರುತಿನ ಇಳಿಜಾರುಗಳು, ಅಂದರೆ ಅತಿ ಸುಲಭದವು, ಒಂದೇ ಕಡೆ ಇವೆಯೇ, ‘ಮ್ಯಾಜಿಕ್ ಕಾರ್ಪೆಟ್’ ಎನ್ನುವ, ನಿಂತಲ್ಲೇ ಮೇಲಕ್ಕೆ ಒಯ್ಯುವ ಬೆಲ್ಟ್ ಇದೆಯೇ, ಅಜ್ಜಿ ಬೆಚ್ಚಗೆ ಕುಳಿತು ಗಾಜಿನೊಳಗಿಂದ ಮಕ್ಕಳನ್ನು ನೋಡಬಹುದೇ. ಮೂರನೆಯದನ್ನು ಫೋನ್ ಮಾಡಿಯೇ ಕೇಳಿದೆ. ತರಬೇತಿ ಮತ್ತು ಕಲಿಯುವ ಇಳಿಜಾರಿಗೆ ಮಾತ್ರದ ಟಿಕೆಟ್ ಎರಡೂ ಸೇರಿದ್ದನ್ನು ಎರಡು ವಾರ ಮೊದಲೇ ಆನ್‌ಲೈನಿನಲ್ಲಿ ಕೊಂಡೆ. ಪೂರ್ತಿ ಟಿಕೆಟ್ಟಿಗಿಂತ ಅದು ಎಷ್ಟೋ ಅಗ್ಗ.

ಬೂಟು, ಸ್ಕೀ, ಹೆಲ್ಮೆಟ್ಟುಗಳನ್ನು ಹಿಂದಿನ ದಿನವೇ ನಮ್ಮೂರಿನ ಅಂಗಡಿಯಲ್ಲಿ ಬಾಡಿಗೆಗೆ ತಂದೆವು. ನನ್ನನ್ನು ಕೇಳಿದರೆ ಇಡೀ ದಿನ ನಿಂತಿರುವುದು ಬೂಟಿನ ಮೇಲೆ. ಸ್ಕೀ ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರುಗಳಲ್ಲಿ ಇರುತ್ತದೆ. ಹಾಗಾಗಿ ಮನೆಯಲ್ಲೇ ಮಕ್ಕಳ ಹಿಮ್ಮಡಿಯನ್ನು ಗೋಡೆಗೆ ಒತ್ತಿಸಿ ನಿಲ್ಲಿಸಿ, ಹೆಬ್ಬೆರಳಿನ ತುದಿಗೆ ಪೆನ್ಸಿಲ್ ಗೆರೆ ಹಾಕಿ ಅಳೆದುಕೊಂಡು ಹೋಗಿದ್ದೆ. ಬೂಟು ತೊಟ್ಟು ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗವನ್ನು ಸವರಬೇಕು. ಮೊಣಕಾಲು ಬಗ್ಗಿಸಿ ಮುಂದಕ್ಕೆ ವಾಲಿದಾಗ ಹಿಂದೆ ಸರಿಯಬೇಕು. ಒಳಗೆ ತೆಳುವಾದ ಉಣ್ಣೆಯ ಕಾಲುಚೀಲ, ಒಂದೇ ಜೊತೆ. ಒಳ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬಾರದು. ಆ ಮಡಿಕೆ ಮೊಳಕಾಲಿನ ಮೂಳೆಯನ್ನು ಸಂಜೆಯವರೆಗೆ ಕೊರೆಯುತ್ತದೆ. ಹೊಸಬರಿಗೆ ಸ್ಕೀ ಗಿಡ್ಡದೇ ಒಳ್ಳೆಯದು, ನಿಲ್ಲಿಸಿದರೆ ಎದೆಯಿಂದ ಗದ್ದದವರೆಗೆ ಬಂದರೆ ಸಾಕು.

ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಬೂಟು ಸ್ಕೀಯಿಂದ ತಾನೇ ಕಳಚಿಕೊಳ್ಳುವಂತೆ ಅದರ ಬಿಗಿಯನ್ನು ಅಂಗಡಿಯವರು ಹೊಂದಿಸುತ್ತಾರೆ. ಅದಕ್ಕೆ ತೂಕ, ಎತ್ತರ, ವಯಸ್ಸು, ಎಷ್ಟು ಕಲಿತಿದ್ದೀರಿ ಎಂಬುದನ್ನು ಬರೆದುಕೊಡಬೇಕು. ಇವರು ತೂಕದ ಜಾಗದಲ್ಲಿ ಹತ್ತು ಪೌಂಡ್ ಕಡಿಮೆ ಬರೆದು, ಕಲಿಕೆಯ ಜಾಗದಲ್ಲಿ ‘ಮಧ್ಯಮ’ ಎಂದು ಗುರುತು ಹಾಕಿದರು. ಎರಡನ್ನೂ ಅಂಗಡಿಯವನ ಎದುರೇ ಹೊಡೆದುಹಾಕಿ ತಿದ್ದಿದೆ. ಸುಳ್ಳು ಹೇಳಿದರೆ ಸ್ಕೀ ಬೇಡದಾಗ ಕಳಚುತ್ತದೆ, ಬೇಕಾದಾಗ ಕಳಚದೆ ಮೊಣಕಾಲು ತಿರುಚುತ್ತದೆ.

ಬಟ್ಟೆಯ ವಿಷಯದಲ್ಲಿ ಮಾತ್ರ ಮಲೆನಾಡು ನನ್ನ ಕೈಬಿಡಲಿಲ್ಲ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರು ಕಂಬಳಿಕೊಪ್ಪೆ ಹಾಕುತ್ತಿದ್ದುದು ಯಾಕೆ? ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ, ಹತ್ತಿ ನೆನೆದರೆ ಮೈಯ ಕಾವನ್ನೇ ಹೀರುತ್ತದೆ. ಬೆಟ್ಟದ ಮೇಲೂ ಇದೇ ನ್ಯಾಯ. ಮೈಗೆ ಅಂಟಿದಂತೆ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೊಂದು ಮೆತ್ತನೆಯ ಫ್ಲೀಸ್ ಅಂಗಿ, ಎಲ್ಲಕ್ಕಿಂತ ಮೇಲೆ ನೀರು ಒಳಗೆ ಬಿಡದ ಜಾಕೆಟ್, ಪ್ಯಾಂಟ್. ಜೀನ್ಸ್ ಮನೆಯಲ್ಲೇ ಇರಲಿ. ಮಕ್ಕಳ ಜಾಕೆಟ್, ಪ್ಯಾಂಟುಗಳನ್ನು ಸ್ನೇಹಿತರಿಂದ ಎರವಲು ತಂದೆ. ಬೆಳೆಯುವ ಮಕ್ಕಳಿಗೆ ಹೊಸದು ಕೊಳ್ಳುವುದು ದಂಡ. ಅಮ್ಮ ತನ್ನ ಮಂಗನ ಟೋಪಿ ಬಿಟ್ಟು ಬೇರೇನನ್ನೂ ತಲೆಗೆ ಹಾಕಿಕೊಳ್ಳಲು ಒಪ್ಪಲಿಲ್ಲ. ಅವಳೇ ಸರಿ, ಅಷ್ಟು ಚೆನ್ನಾಗಿ ಕಿವಿ ಮುಚ್ಚುವ ಟೋಪಿ ಇಲ್ಲಿಯ ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ.

ಚೈನ್ ಕಟ್ಟುವುದನ್ನು ಇವರು ಮನೆಯ ಮುಂದೆಯೇ ಎರಡು ಸಲ ಅಭ್ಯಾಸ ಮಾಡಿದರು. ಮೊದಲ ಸಲ ನಲವತ್ತು ನಿಮಿಷ, ಎರಡನೆಯ ಸಲ ಹನ್ನೆರಡು. ನಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ, ಚೈನ್ ಬೀಳಬೇಕಾದದ್ದು ಅಲ್ಲಿಗೇ. ಇಲ್ಲಿ ಮೂರು ಹಂತದ ನಿಯಮವಿದೆ. ಆರ್-1 ಇದ್ದಾಗ ಹಿಮದ ಟೈರುಗಳಿರುವ ಕಾರಿಗೆ ವಿನಾಯಿತಿ. ಆರ್-2 ಇದ್ದಾಗ ನಾಲ್ಕೂ ಚಕ್ರ ಎಳೆಯುವ, ನಾಲ್ಕಕ್ಕೂ ಹಿಮದ ಟೈರ್ ಇರುವ ಗಾಡಿಗೆ ಮಾತ್ರ. ಆರ್-3 ಬಂದರೆ ಯಾರಿಗೂ ಇಲ್ಲ. ಆಗ ಮನೆಯಲ್ಲಿರುವುದೇ ಲೇಸು. ವಿನಾಯಿತಿ ಇದ್ದರೂ ಚೈನ್ ಗಾಡಿಯಲ್ಲಿ ಇರಲೇಬೇಕು. ಐ-80 ಡಾನರ್ ಶಿಖರದ ಬಳಿ 7,239 ಅಡಿಗೆ ಏರುತ್ತದೆ, ಕೆಳಗೆ ಮಳೆ ಹನಿಯುತ್ತಿದ್ದರೆ ಅಲ್ಲಿ ಹಿಮ ಸುರಿಯುತ್ತಿರುತ್ತದೆ. ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್, ಅಂದರೆ ರಸ್ತೆಗಳ ಆಗಿನ ಸ್ಥಿತಿ ತೋರಿಸುವ ಆನ್‌ಲೈನ್ ನಕ್ಷೆ, ನೋಡದೆ ಕೀಲಿ ತಿರುಗಿಸುವಂತಿಲ್ಲ ಎಂದು ಇವರಿಗೆ ಹೇಳಿಟ್ಟಿದ್ದೆ.

ಗುರುವಾರ ರಾತ್ರಿ ಆಬರ್ನ್ ಎಂಬ ಬೆಟ್ಟದ ಬುಡದ ಊರಿನಲ್ಲಿ ತಂಗಿದೆವು. ನನ್ನ ಯೋಜನೆಯಲ್ಲಿ ನನಗೇ ಹೆಮ್ಮೆಯ ಭಾಗ ಇದು. ಮೇಲೆ ಟ್ರಕೀಯಲ್ಲಿ ಕೋಣೆ ದುಬಾರಿ, ರಾತ್ರಿ ಹಿಮದಲ್ಲಿ ಗಾಡಿ ಓಡಿಸಬೇಕು. ಆಬರ್ನಿನಲ್ಲಿ ಸಾಮಾನ್ಯವಾಗಿ ಹಿಮವಿಲ್ಲ, ಅಲ್ಲಿಂದ ಶಿಖರ ಸುಮಾರು ಒಂದು ಗಂಟೆ. ಏಳಕ್ಕೆ ಹೊರಟು ಎಂಟೂಕಾಲಿಗೆ ಪಾರ್ಕಿಂಗಿನಲ್ಲಿದ್ದೆವು. ಬಿಸಿಲು ಚೆಲ್ಲಿತ್ತು. ಅಷ್ಟೆಲ್ಲ ಅಭ್ಯಾಸ ಮಾಡಿದ ಚೈನ್ ಡಿಕ್ಕಿಯಿಂದ ಹೊರಗೇ ಬರಲಿಲ್ಲ. ಇವರ ಮುಖದಲ್ಲಿ ಸಣ್ಣ ನಿರಾಸೆಯೇ ಕಂಡಿತು.

ಮಕ್ಕಳನ್ನು ತರಬೇತುದಾರರಿಗೆ ಒಪ್ಪಿಸಿ ನಾವು ಕಣ್ಣಿಗೆ ಬೀಳದಂತೆ ಸರಿದುಕೊಂಡೆವು. ಅಪ್ಪ ಅಮ್ಮ ಕಾಣುತ್ತಿದ್ದರೆ ಅಳು ಬೇಗ ಬರುತ್ತದೆ. ಮೊದಲು ಒಂದೇ ಕಾಲಿಗೆ ಸ್ಕೀ ಹಾಕಿ ಸಮತಟ್ಟಿನಲ್ಲಿ ನಡೆಸಿದರು. ಆಮೇಲೆ ಮುಂದಿನ ತುದಿಗಳನ್ನು ಕೂಡಿಸಿ ಹಿಂಬದಿಯನ್ನು ಅಗಲಿಸುವ ‘ಪಿಜ್ಜಾ’, ಅದು ಬ್ರೇಕ್. ಎರಡೂ ಸಮಾನಾಂತರವಾಗಿದ್ದರೆ ‘ಫ್ರೆಂಚ್ ಫ್ರೈಸ್’, ಅದು ಓಟ. ಬೀಳುವುದಾದರೆ ಪಕ್ಕಕ್ಕೆ ಬೀಳು, ಏಳುವ ಮೊದಲು ಸ್ಕೀಗಳನ್ನು ಇಳಿಜಾರಿಗೆ ಅಡ್ಡ ತಿರುಗಿಸಿಕೋ. ಆರು ವರ್ಷದ ಮಗನಿಗೆ ಇಷ್ಟು ಸಾಕಾಯಿತು.

ದೊಡ್ಡವರ ತರಗತಿಯಲ್ಲಿ ನನ್ನ ಕಷ್ಟವೇ ಬೇರೆ. ಚಿಕ್ಕವಳಿದ್ದಾಗ ತೋಟದ ದಿಬ್ಬದಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಜಾರಿದವಳು ನಾನು. ಹಾಳೆಯಲ್ಲಿ ಹೆದರಿಕೆಯಾದರೆ ಹಿಂದಕ್ಕೆ ವಾಲಿ ಹಿಮ್ಮಡಿ ಊರಬೇಕು. ಸ್ಕೀಯಲ್ಲಿ ಹಿಂದಕ್ಕೆ ವಾಲಿದರೆ ಅದು ನಿಮ್ಮ ಮಾತು ಕೇಳುವುದನ್ನೇ ಬಿಡುತ್ತದೆ. ಮೊಳಕಾಲನ್ನು ಬೂಟಿನ ಮುಂಭಾಗಕ್ಕೆ ಒತ್ತಿ, ಇಳಿಜಾರಿನತ್ತಲೇ ಬಾಗಬೇಕು. ಮೈಯೊಳಗೆ ಕೂತ ಹಾಳೆಯನ್ನು ಕಿತ್ತುಹಾಕಲು ನನಗೆ ಒಂದೂವರೆ ಗಂಟೆ, ಹನ್ನೊಂದು ಸಲ ಬೀಳುವುದು ಬೇಕಾಯಿತು. ಹನ್ನೊಂದು ಎಂದು ಎಣಿಸಿದ್ದು ಗಾಜಿನ ಹಿಂದೆ ಕಷಾಯ ಹೀರುತ್ತಿದ್ದ ಅಮ್ಮ.

ಊಟಕ್ಕೆ ಹನ್ನೊಂದೂವರೆಗೇ ಕೂತೆವು, ಹನ್ನೆರಡರ ನಂತರ ಮೇಜು ಸಿಗುವುದಿಲ್ಲ. ಚಪಾತಿ ಸುರುಳಿಯೊಳಗೆ ಆಲೂಗಡ್ಡೆ ಪಲ್ಯ, ಒಂದೊಂದು ಚಿಕ್ಕಿ. ಮೊಸರನ್ನವನ್ನು ಈ ಸಲ ತಂದಿರಲಿಲ್ಲ, ಕೈಗವಸಿನ ಜನಕ್ಕೆ ಅದು ಸಲ್ಲದು. ಗಂಟೆಗೊಮ್ಮೆ ನೀರು ಕುಡಿಸಿ, ಮುಖಕ್ಕೆ, ನೆನಪಿಟ್ಟು ಗದ್ದದ ಕೆಳಗೂ, ಸನ್‌ಸ್ಕ್ರೀನ್ ಹಚ್ಚಿದೆ.

ಊಟದ ನಂತರ ಮಗಳು ತಾನೇ ನಿಲ್ಲಬಲ್ಲೆನೆಂದು ಮೂರು ಸಲ ತೋರಿಸಿದ ಮೇಲೆ ತಂತಿಗೆ ತೂಗುವ ಕುರ್ಚಿಯಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಚೇರ್‌ಲಿಫ್ಟಿಗೆ ಬಿಟ್ಟೆವು. ಮೊದಲ ಸಲ ಎಂದು ಹೇಳಿದ್ದಕ್ಕೆ ಲಿಫ್ಟಿನವನು ಅದನ್ನು ನಿಧಾನಿಸಿದ. ಜೊತೆಗೆ ಹೋದ ಇವರು ಇಳಿಯುವಾಗ ಮುಗ್ಗರಿಸಿದರು, ಅವಳು ಮುಗ್ಗರಿಸಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ಸಾಕು ಎಂದೆ. ಇಬ್ಬರೂ ಮಕ್ಕಳು ಸಿಡಿಮಿಡಿಗೊಂಡರು, ಇನ್ನೊಂದೇ ಸಲ ಎಂದು ಗೋಗರೆದರು. ನನಗೆ ಬೇಕಿದ್ದದ್ದೂ ಅದೇ. ಕಾಲು ಸೋತ ಮೇಲಿನ ಆ ‘ಇನ್ನೊಂದೇ ಸಲ’ದಲ್ಲಿ ಪೆಟ್ಟಾಗುತ್ತದೆ ಎಂದು ತರಬೇತುದಾರಳೂ ಹೇಳಿದ್ದಳು. ಮಗ ಆಬರ್ನ್ ಬರುವ ಮೊದಲೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ.

ಶನಿವಾರ ಬಾಡಿಗೆಯ ಸಾಮಾನು ಹಿಂದಿರುಗಿಸಲು ಹೋದಾಗ ಅಂಗಡಿಯವನು, ಮುಂದಿನ ಚಳಿಗಾಲಕ್ಕೆ ಪೂರ್ತಿ ಋತುವಿನ ಬಾಡಿಗೆ ಅಗ್ಗವಾಗುತ್ತದೆ, ಬೇಕೇ ಎಂದ. ಇವರು ನನ್ನ ಮುಖ ನೋಡಿದರು. ಮಗನ ಕಾಲು ಅಷ್ಟರೊಳಗೆ ಎಷ್ಟು ಬೆಳೆದಿರುತ್ತದೋ, ಅಕ್ಟೋಬರಿನಲ್ಲಿ ಗೋಡೆಗೆ ನಿಲ್ಲಿಸಿ ಅಳೆದು ಹೇಳುತ್ತೇನೆ ಎಂದೆ.