ಮಣ್ಣಿನ ಗೋಡೆ, ಕೆಂಪು ಬಂಡೆ: ಅಮೆರಿಕದ ನೈಋತ್ಯ ನಾಡಿನಲ್ಲಿ ಬಯಲಿನಲ್ಲಿ ಕುಳಿತು ಚಿತ್ರ ಬರೆಯುವ ಬಗೆ

ಅಮೆರಿಕದ ನೈಋತ್ಯ ಭಾಗಕ್ಕೆ, ಅದರಲ್ಲೂ ನ್ಯೂ ಮೆಕ್ಸಿಕೊ ಮತ್ತು ಆರಿಜೋನಾ ರಾಜ್ಯಗಳಿಗೆ, ಬಣ್ಣದ ಪೆಟ್ಟಿಗೆಯೊಂದಿಗೆ ಹೊರಡುವ ಚಿತ್ರಕಾರನಿಗೆ ವಸ್ತುವಿನ ಕೊರತೆ ಕಾಡುವುದಿಲ್ಲ. ರಸ್ತೆಯ ಪ್ರತಿ ತಿರುವಿನಲ್ಲೂ ಬಂಡೆಯೋ ಕಣಿವೆಯೋ ಎದುರಾಗುವುದರಿಂದ, ಇನ್ನೂ ಚೆಲುವಾದ ನೋಟ ಮುಂದೆ ಸಿಗಬಹುದೆಂಬ ಆಸೆಯಲ್ಲಿ ಬೆಳಗಿನ ಒಳ್ಳೆಯ ಬೆಳಕೆಲ್ಲ ಕಾರಿನೊಳಗೇ ಕಳೆದುಹೋಗುತ್ತದೆ. ಆದ್ದರಿಂದ ನೋಟದ ಬೆನ್ನು ಹತ್ತದೆ ನೆರಳನ್ನು ಹುಡುಕಿ. ಒಳ್ಳೆಯ ನೆರಳು ಬಿದ್ದಿರುವ ಸಾಧಾರಣ ಗೋಡೆಯಿಂದ ಹುಟ್ಟುವ ಚಿತ್ರ, ನಡುಮಧ್ಯಾಹ್ನದ ನೆರಳಿಲ್ಲದ ಮಹಾಕಣಿವೆಯಿಂದ ಹುಟ್ಟುವುದಿಲ್ಲ.

ಇದಕ್ಕೆ ಕಾರಣ ಅಲ್ಲಿನ ಗಾಳಿಯಲ್ಲಿದೆ. ನ್ಯೂ ಮೆಕ್ಸಿಕೊದ ರಾಜಧಾನಿ ಸಾಂಟಾ ಫೆ ನಗರ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ತೇವ ಕಡಿಮೆ. ದೂರದ ಬೆಟ್ಟವನ್ನು ಮಸುಕಾದ ನೀಲಿಯಲ್ಲಿ ಬರೆದರೆ ಆಳ ಬರುತ್ತದೆಂಬ ನಮ್ಮ ಅಭ್ಯಾಸದ ಸೂತ್ರ ಅಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ, ಏಕೆಂದರೆ ಹತ್ತಾರು ಮೈಲಿ ಆಚೆಯ ಬೆಟ್ಟದ ಕೊರಕಲು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಆಳವನ್ನು ಗಾತ್ರದ ವ್ಯತ್ಯಾಸದಿಂದಲೂ, ಒಂದರ ಹಿಂದೆ ಒಂದು ಸರಿಯುವ ಅಂಚುಗಳಿಂದಲೂ, ಎಲ್ಲಕ್ಕಿಂತ ಹೆಚ್ಚಾಗಿ ನೆರಳಿನಿಂದಲೂ ಕಟ್ಟಬೇಕಾಗುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆಯಲ್ಲಿ ನೀವು ಮೆಚ್ಚಿ ಕುಳಿತ ನೆರಳು ಬೇರೆಯೇ ಆಗಿರುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷದಲ್ಲಿ ಪೆನ್ಸಿಲಿನಿಂದ ನೆರಳಿನ ಆಕಾರಗಳನ್ನಷ್ಟೇ ಗುರುತಿಸಿಕೊಳ್ಳಿ, ಆಮೇಲೆ ಅವು ಎಲ್ಲಿಗೆ ಸರಿದರೂ ಆ ಗುರುತನ್ನು ಬದಲಿಸಬೇಡಿ.

ಹಳ್ಳಿಗಳನ್ನು ಬರೆಯಬೇಕೆಂದರೆ ಸಾಂಟಾ ಫೆಯಿಂದ ಟಾವೋಸ್‌ಗೆ ಬೆಟ್ಟದ ಮೇಲಿಂದ ಹೋಗುವ 'ಹೈ ರೋಡ್' ಎಂಬ ಹಳೆಯ ದಾರಿಯನ್ನು ಹಿಡಿಯುವುದು ಉತ್ತಮ. ಚಿಮಯೊ, ಟ್ರೂಚಸ್, ಲಾಸ್ ಟ್ರಾಂಪಸ್ ಎಂಬ ಊರುಗಳು ಈ ದಾರಿಯಲ್ಲಿವೆ. ಚಿಮಯೊದ ಪುಟ್ಟ ಆರಾಧನಾ ಮಂದಿರಕ್ಕೆ ಗುಡ್ ಫ್ರೈಡೆಯ ಸಮಯದಲ್ಲಿ ಸಾವಿರಾರು ಯಾತ್ರಿಕರು ಕಾಲ್ನಡಿಗೆಯಲ್ಲಿ ಬರುವುದರಿಂದ ಆ ವಾರ ಈಸೆಲ್ (ಚಿತ್ರದ ಹಲಗೆ ನಿಲ್ಲಿಸುವ ಕಾಲುಗಳ ಚೌಕಟ್ಟು) ಹೂಡಲು ಹೋಗದಿರುವುದೇ ಮರ್ಯಾದೆ. ಲಾಸ್ ಟ್ರಾಂಪಸ್‌ನಲ್ಲಿ 18ನೇ ಶತಮಾನದ ಮಣ್ಣಿನ ಚರ್ಚ್ ಇದೆ. ಆದರೆ ಚರ್ಚಿನ ಮುಂದೆಯೇ ನಿಲ್ಲಬೇಕೆಂದಿಲ್ಲ. ಕಾಲುವೆಯ ಬದಿಯ ಬೇಲಿ, ತಗಡಿನ ಮಾಡು, ಬಾಗಿಲ ಬಳಿ ತೂಗುಹಾಕಿದ ಕೆಂಪು ಮೆಣಸಿನಕಾಯಿಯ ಗೊಂಚಲು ಇವೆಲ್ಲ ಅಷ್ಟೇ ಯೋಗ್ಯವಾದ ವಸ್ತುಗಳು.

ಇಲ್ಲಿನ ಮನೆಗಳನ್ನು ಅಡೋಬಿ ಎನ್ನುತ್ತಾರೆ: ಜೇಡಿಮಣ್ಣು, ಮರಳು, ಹುಲ್ಲು ಕಲಸಿ ಬಿಸಿಲಿನಲ್ಲಿ ಒಣಗಿಸಿದ, ಸುಡದ ಇಟ್ಟಿಗೆಯ ಕಟ್ಟಡಗಳು. ಇಂಥ ಒಂದು ಗೋಡೆಯ ಹತ್ತಿರಕ್ಕೆ ಹೋಗಿ ನಿಂತು ನೋಡಿ. ಮೇಲುಗಾರೆಯಲ್ಲಿ ಹುಲ್ಲಿನ ಎಸಳುಗಳು ಹೊಂಬಣ್ಣದಲ್ಲಿ ಮಿನುಗುತ್ತವೆ. ಮೂಲೆಗಳು ಚೂಪಾಗಿರದೆ ಕೈಯಿಂದ ಸವರಿದ ಹಾಗೆ ದುಂಡಾಗಿರುತ್ತವೆ. ಮೇಲ್ಗಡೆ ಗೋಡೆಯಿಂದ ಹೊರಚಾಚಿದ ಮರದ ತೊಲೆಗಳ ನೆರಳು ಗೋಡೆಯ ಮೇಲೆ ಓರೆಯಾಗಿ ಬಿದ್ದು, ಗಂಟೆ ಕಳೆದಂತೆ ಉದ್ದವಾಗುತ್ತದೆ. ಆ ನೆರಳನ್ನು ಬೂದು ಬಣ್ಣದಲ್ಲಿ ಬರೆದರೆ ಗೋಡೆ ಸತ್ತುಹೋಗುತ್ತದೆ. ನೆಲದ ಮೇಲೆ ಬಿದ್ದ ನೆರಳು ಆಕಾಶವನ್ನೇ ನೋಡುತ್ತಿರುವುದರಿಂದ ನೀಲಿಯತ್ತ ಹೊರಳುತ್ತದೆ. ಗೋಡೆಯ ಬುಡದ ನೆರಳಿನ ಮೇಲೆ ಬಿಸಿಲು ಕಾದ ಅಂಗಳದ ಬೆಳಕು ಪುಟಿದು ಬೀಳುವುದರಿಂದ ಅದು ಕಿತ್ತಳೆಯತ್ತ ಹೊರಳುತ್ತದೆ. ಒಂದೇ ನೆರಳಿನೊಳಗಿನ ಈ ತಂಪು ಮತ್ತು ಬಿಸುಪನ್ನು ಹಿಡಿಯಬಲ್ಲವರು ಉಳಿದದ್ದನ್ನೆಲ್ಲ ಬಿಟ್ಟರೂ ನಷ್ಟವಿಲ್ಲ ಎಂದು ನಾನು ನಂಬುತ್ತೇನೆ.

ಟಾವೋಸ್‌ನಲ್ಲಿ ಚಿತ್ರಕಾರರು ನೆಲೆಸಿದ್ದಕ್ಕೂ ಒಂದು ಆಕಸ್ಮಿಕವೇ ಕಾರಣ. 1898ರಲ್ಲಿ ಅರ್ನೆಸ್ಟ್ ಬ್ಲೂಮೆನ್‌ಶೈನ್ ಮತ್ತು ಬರ್ಟ್ ಫಿಲಿಪ್ಸ್ ಗಾಡಿಯಲ್ಲಿ ದಕ್ಷಿಣಕ್ಕೆ ಹೊರಟಿದ್ದಾಗ ಆ ಊರಿನ ಹತ್ತಿರ ಚಕ್ರ ಮುರಿಯಿತು. ರಿಪೇರಿಗೆಂದು ನಿಂತವರಿಗೆ ಆ ನಾಡು ಹಿಡಿಸಿತು. 1915ರಲ್ಲಿ ಅವರಿಬ್ಬರೂ ಸೇರಿ ಆರು ಜನ ಕಲಾವಿದರು ಟಾವೋಸ್ ಸೊಸೈಟಿ ಆಫ್ ಆರ್ಟಿಸ್ಟ್ಸ್ ಸ್ಥಾಪಿಸಿದರು. 1929ರಿಂದ ಇತ್ತ ಬರತೊಡಗಿದ ಅಮೆರಿಕನ್ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ ರಾಂಚೋಸ್ ಡೆ ಟಾವೋಸ್‌ನ ಮಣ್ಣಿನ ಚರ್ಚನ್ನು ಹಿಂಭಾಗದಿಂದ, ಅಂದರೆ ಬಾಗಿಲೂ ಕಿಟಕಿಯೂ ಇಲ್ಲದ ದಪ್ಪ ಗೋಡೆಗಳ ಕಡೆಯಿಂದ ಬರೆದರು. ಉತ್ತರ ನ್ಯೂ ಮೆಕ್ಸಿಕೊದ ಘೋಸ್ಟ್ ರ‍್ಯಾಂಚ್ ಎಂಬ ಜಾಗದಲ್ಲಿ ನೆಲೆಸಿದ ಮೇಲೆ ಪೆಡರ್ನಾಲ್ ಎಂಬ ಚಪ್ಪಟೆ ತಲೆಯ ಬೆಟ್ಟವನ್ನು ಮತ್ತೆ ಮತ್ತೆ ಬರೆದರು. ಹೊಸಬರು ಅವರಿಂದ ಕಲಿಯಬೇಕಾದದ್ದು ಇದನ್ನೇ: ನಾಲ್ಕು ದಿನ ಇದ್ದರೆ ನಾಲ್ಕು ಊರು ಸುತ್ತುವ ಬದಲು ಒಂದೇ ಜಾಗಕ್ಕೆ ಬೆಳಗ್ಗೆಯೂ ಸಂಜೆಯೂ ಮರಳಿ ಹೋಗಬೇಕು. ಬಿಸಿಲು ಮತ್ತು ಗಾಳಿಯಿಂದ ತಪ್ಪಿಸಿಕೊಳ್ಳಲು ಓಕೀಫ್ ತಮ್ಮ ಫೋರ್ಡ್ ಕಾರಿನೊಳಗೇ ಕುಳಿತು ಬರೆಯುತ್ತಿದ್ದರು; ಈಗಲೂ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಮೂಲನಿವಾಸಿಗಳ ಊರುಗಳಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಟಾವೋಸ್ ಪ್ಯೂಬ್ಲೊ 1992ರಿಂದ ವಿಶ್ವ ಪರಂಪರೆಯ ತಾಣವಾಗಿದ್ದರೂ ಅದು ಜನ ಬದುಕುತ್ತಿರುವ ಊರು. ಪ್ಯೂಬ್ಲೊ ಎಂದರೆ ಮೂಲನಿವಾಸಿಗಳ ಇಂಥ ಹಳ್ಳಿ. ಹಲವು ಪ್ಯೂಬ್ಲೊಗಳಲ್ಲಿ ಫೋಟೊಗೆ ಮಾತ್ರವಲ್ಲ, ಸ್ಕೆಚ್ ಮಾಡುವುದಕ್ಕೂ ನಿರ್ಬಂಧವಿದೆ. ಆರಿಜೋನಾದ ಹೋಪಿ ಜನರ ಹಳ್ಳಿಗಳಲ್ಲಿ ಎರಡಕ್ಕೂ ನಿಷೇಧವಿದೆ. ಸ್ಕೆಚ್ ಪುಸ್ತಕ ತೆರೆಯುವ ಮೊದಲೇ ಅನುಮತಿ ಕೇಳಿ, ಇಲ್ಲ ಎಂದರೆ ವಾದಿಸದೆ ಹಿಂದಿರುಗಿ. ಮಾನ್ಯುಮೆಂಟ್ ವ್ಯಾಲಿ ಎಂಬ ಕೆಂಪು ಬಂಡೆಗಳ ಕಣಿವೆ ನವಾಹೊ ಜನರ ನೆಲ. ಅಲ್ಲಿನ ಪ್ರವೇಶ ನಿಯಮಗಳನ್ನು ಅವರೇ ನಿರ್ಧರಿಸುತ್ತಾರೆ.

ಬಣ್ಣಗಳ ಮಟ್ಟಿಗೆ ಯೆಲ್ಲೊ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಒಂದು ಶುದ್ಧ ಕೆಂಪು, ಅಲ್ಟ್ರಾಮರೀನ್ ನೀಲಿ, ಬಿಳಿ ಇಷ್ಟಿದ್ದರೆ ಬಹುಪಾಲು ಕೆಲಸ ಆಗುತ್ತದೆ. ಬಂಡೆಗೂ ಸಿಯೆನ್ನಾ ಬಣ್ಣಕ್ಕೂ ಕೆಂಪು ಬಂದಿರುವುದು ಒಂದೇ ಕಬ್ಬಿಣದ ಆಕ್ಸೈಡಿನಿಂದ. ಹಾಗಾಗಿ ಆ ಬಣ್ಣ ಅಲ್ಲಿ ತಾನಾಗಿಯೇ ಹೊಂದಿಕೊಳ್ಳುತ್ತದೆ. ಸೇಜ್‌ಬ್ರಷ್ ಗಿಡದ ಬೂದುಹಸಿರನ್ನು ಓಕರ್, ನೀಲಿ ಮತ್ತು ಬಿಳಿ ಬೆರೆಸಿ ಪಡೆಯಬಹುದು, ಟ್ಯೂಬಿನ ಹಸಿರು ಅಲ್ಲಿ ಕಣ್ಣಿಗೆ ಚುಚ್ಚುತ್ತದೆ. ಜಲವರ್ಣ ಬಳಸುವವರು ಕಾಗದದ ಎರಡೂ ಬದಿಯನ್ನು ನೆನೆಸಿಕೊಳ್ಳಬೇಕು, ಇಲ್ಲದಿದ್ದರೆ ಬಣ್ಣ ಹರಿಯುವ ಮೊದಲೇ ಒಣಗುತ್ತದೆ. ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬೀಳಲು ಬಿಡಬೇಡಿ: ಆ ಪ್ರಖರತೆಯಲ್ಲಿ ಸರಿಯಾಗಿ ಕಂಡ ಚಿತ್ರ ಮನೆಯೊಳಗೆ ಕಪ್ಪಾಗಿ ಕಾಣುತ್ತದೆ. ಬಣ್ಣದ ಛತ್ರಿಯೂ ಬೇಡ, ಅದರ ಛಾಯೆ ಪ್ಯಾಲೆಟ್ಟಿನ ಮೇಲೆ ಇಳಿಯುತ್ತದೆ. ವಸಂತದ ಗಾಳಿ ಜೋರಾಗಿರುವುದರಿಂದ ಈಸೆಲ್ಲಿಗೆ ಕಲ್ಲು ತುಂಬಿದ ಚೀಲ ತೂಗುಹಾಕಿ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಮೋಡಗಳು ಗೋಪುರದಂತೆ ಏಳುತ್ತವೆ. ಬರೆಯಲು ಅದಕ್ಕಿಂತ ಭವ್ಯವಾದ ಆಕಾಶ ಸಿಗುವುದಿಲ್ಲ, ಆದರೆ ಗುಡುಗು ಕೇಳಿದ ಕೂಡಲೇ ಕಾರಿಗೆ ಹಿಂದಿರುಗಬೇಕು. ದೂರದಲ್ಲಿ ಬಿದ್ದ ಮಳೆಗೂ ಒಣ ಹಳ್ಳಗಳು ಏಕಾಏಕಿ ತುಂಬಿ ಹರಿಯುವುದರಿಂದ ಹಳ್ಳದ ಪಾತ್ರದಲ್ಲಿ ಎಂದೂ ಕೂರಬಾರದು. ಅಕ್ಟೋಬರಿನಲ್ಲಿ ನದೀತೀರದ ಕಾಟನ್‌ವುಡ್ ಮರಗಳು ಹಳದಿಯಾಗುತ್ತವೆ, ಗಾಳಿಯೂ ಶಾಂತವಾಗಿರುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವ ತಿಂಗಳು ಅದೇ. ಆ ದಿನಗಳ ಸಂಜೆ ಸಾಂಗ್ರೆ ಡೆ ಕ್ರಿಸ್ಟೊ ಬೆಟ್ಟಸಾಲು ಕೆಂಪೇರಿ ಮಾಸುವುದು ಕೆಲವೇ ನಿಮಿಷಗಳ ಮಾತು. ಆಗ ಕುಂಚ ಕೆಳಗಿಟ್ಟು, ಬೆಟ್ಟದ ತುದಿಯಲ್ಲಿ ಯಾವ ಬಣ್ಣ, ಬುಡದಲ್ಲಿ ಯಾವ ಬಣ್ಣ, ಎರಡರಲ್ಲಿ ಯಾವುದು ಗಾಢ ಎಂದು ನಾಲ್ಕು ಸಾಲು ಬರೆದುಕೊಂಡು, ಕೋಣೆಗೆ ಮರಳಿದ ಕೂಡಲೇ ನೆನಪಿನಿಂದ ಚಿತ್ರ ಮಾಡಿ.