ಬಯೋಡೇಟಾ ಬಿಟ್ಟು ಗ್ರಾಫ್ ಕಳಿಸಿದೆ: ಗೌರಿಬಿದನೂರಿನಿಂದ ರಿಸರ್ಚ್ ಗ್ರೂಪಿಗೆ

ರಿಸರ್ಚ್‌ಗೆ ಸೇರಿಸಿಕೊಳ್ಳಿ ಅಂತ ಎಪ್ಪತ್ತೋ ಎಂಬತ್ತೋ ಪ್ರೊಫೆಸರ್‌ಗಳಿಗೆ ನನ್ನ ಬಯೋಡೇಟಾ ಹೋಗಿರಬೇಕು. ಉತ್ತರ ಬಂದದ್ದು ನಾಲ್ಕೈದು. ಎಲ್ಲದರಲ್ಲೂ "ಈ ವರ್ಷ ಜಾಗ ಇಲ್ಲ". ಆಕಾಶಕಾಯಗಳ ಚಲನೆಯನ್ನು ಕಂಪ್ಯೂಟರಲ್ಲಿ ಓಡಿಸಿ ನೋಡುವ ಸಿಮ್ಯುಲೇಶನ್ ಗ್ರೂಪಿಗೆ ಐಐಟಿ ಹೆಸರಿಲ್ಲದೆ ಹೋಗೋಕಾಗಲ್ಲ ಅಂತ ಎಂಎಸ್ಸಿ ಗೆಳೆಯರು ತೀರ್ಪು ಕೊಟ್ಟಿದ್ದರು. ಅರ್ಜಿಗೆ ಹೊಳಪು ಕೊಡ್ತೀವಿ ಅಂತ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಆರು ಸಾವಿರದಷ್ಟು ತಗೊಂಡು ಅದೇ ಪತ್ರಕ್ಕೆ ಫಾಂಟ್ ಬದಲಿಸಿ ಕೊಟ್ಟಿತು. ಮನೆಯವರದು ಬೇರೆ ರಾಗ: ನಮ್ಮೂರ ಹತ್ತಿರವೇ ರೇಡಿಯೋ ದೂರದರ್ಶಕ ಇದೆಯಲ್ಲ, ಅಲ್ಲೇ ಕೇಳು! ಅಲ್ಲಿರೋದು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಗಮನಿಸಿದ ಡೈಪೋಲ್ ಆಂಟೆನಾ ಸಾಲುಗಳು. ನನಗೆ ಬೇಕಿದ್ದದ್ದು ಎನ್-ಬಾಡಿ, ಅಂದ್ರೆ ಗುರುತ್ವದಿಂದ ಒಂದನ್ನೊಂದು ಎಳೆಯುವ ಸಾವಿರಾರು ಕಣಗಳ ಲೆಕ್ಕ.

ಕೊನೆಗೆ ಬಯೋಡೇಟಾ ಪಕ್ಕಕ್ಕಿಟ್ಟೆ. ಒಂದು ಗ್ರೂಪಿನ ಹಳೇ ಪೇಪರ್ ಹಿಡಿದು, ಅದರಲ್ಲಿನ ಒಂದೇ ಒಂದು ಚಿತ್ರವನ್ನು ನನ್ನ ಲ್ಯಾಪ್‌ಟಾಪಲ್ಲಿ ಮತ್ತೆ ತೆಗೆಯೋದು ಅಂತ ಕೂತೆ.

ಯಂತ್ರ ಹಳೇ ಐ3. ಸೆಕೆಂಡ್ ಹ್ಯಾಂಡ್ ರ‍್ಯಾಮ್‌ಗೆ ಸುಮಾರು ಎರಡು ಸಾವಿರ ಆಯ್ತು. ಎನ್-ಬಾಡಿ ಲೆಕ್ಕಕ್ಕೆ ಬಳಸುವ ಗ್ಯಾಜೆಟ್-2 ಕೋಡ್ ಇಳಿಸಿಕೊಂಡೆ. ಒಂದು ವಾರ ಕಂಪೈಲ್ ಆಗಲೇ ಇಲ್ಲ. ಎಫ್‌ಎಫ್‌ಟಿಡಬ್ಲ್ಯು ಅನ್ನೋ ಗಣಿತದ ಲೈಬ್ರರಿಯ 3ನೇ ಆವೃತ್ತಿ ಅದಕ್ಕೆ ಬೇಡ, ಹಳೇ 2.1.5 ಬೇಕು, ಅದನ್ನೂ ಎಂಪಿಐ (ಕೆಲಸವನ್ನು ಹಲವು ಪ್ರೊಸೆಸರ್‌ಗೆ ಹಂಚುವ ವ್ಯವಸ್ಥೆ) ಜೊತೆ ಕಟ್ಟಬೇಕು. ಪ್ಲಮ್ಮರ್ ಗೋಳ (ನಕ್ಷತ್ರಗುಚ್ಛದ ಸರಳ ಮಾದರಿ) ಓಡಿಸಿದರೆ ಕಣಗಳು ಗುಂಡಿನಂತೆ ಹೊರಗೆ ಹಾರಿದವು. ತೀರಾ ಹತ್ತಿರದಲ್ಲಿ ಗುರುತ್ವ ಬಲವನ್ನು ಮೆದುಗೊಳಿಸುವ ಅಳತೆ, ಸಾಫ್ಟನಿಂಗ್, ತೀರಾ ಸಣ್ಣದಾಗಿತ್ತು, ಎರಡು ಕಣ ಹತ್ತಿರ ಬಂದಾಗ ಬಲ ಸಿಡಿಯುತ್ತಿತ್ತು. ಅದನ್ನು ಎಷ್ಟಕ್ಕೆ ಇಟ್ಟೆ ಅನ್ನೋದನ್ನು ಇಲ್ಲಿ ಬರೆಯಲ್ಲ, ನೀವೇ ಹುಡುಕಿ, ಮಜಾ ಇದೆ. ರಾತ್ರಿ ಕರೆಂಟ್ ಹೋದರೆ ರನ್ನೂ ಹೋಯ್ತು. ಹಾಗಾಗಿ ನಿಂತಲ್ಲಿಂದ ಮುಂದುವರಿಸೋಕೆ ರೀಸ್ಟಾರ್ಟ್ ಫೈಲ್ ಅರ್ಧ ಗಂಟೆಗೊಮ್ಮೆ ಬರೆಸುತ್ತಿದ್ದೆ.

ನಡುವೆ ಸುಮ್ನೆ ಕುತೂಹಲಕ್ಕೆ ಮೊಬೈಲಲ್ಲಿ ಟರ್ಮಕ್ಸ್ (ಲಿನಕ್ಸ್ ಕಮಾಂಡ್‌ಗಳ ಆ್ಯಪ್) ಹಾಕಿ, ನಾನೇ ಪೈಥಾನಲ್ಲಿ ಬರೆದ ಲೀಪ್‌ಫ್ರಾಗ್ ಓಡಿಸಿದೆ, ಅದು ಕಣಗಳನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ನಡೆಸುವ ಒಂದು ವಿಧಾನ. ಐನೂರು ಕಣಕ್ಕೇ ಫೋನ್ ಮುಟ್ಟೋಕಾಗದಷ್ಟು ಬಿಸಿ. ಆದರೆ ಲೀಪ್‌ಫ್ರಾಗ್ ಜೊತೆ ಆರ್‌ಕೆ4 (ರುಂಗೆ-ಕುಟ್ಟಾ ಅನ್ನೋ ಇನ್ನೊಂದು ವಿಧಾನ) ಹೋಲಿಸಿದ್ದು ಅಲ್ಲೇ. ಸೂರ್ಯನ ಸುತ್ತ ಗ್ರಹ ಸುತ್ತುವಂಥ ಕೆಪ್ಲರ್ ಕಕ್ಷೆಯನ್ನು ಸಾವಿರಾರು ಸುತ್ತು ಓಡಿಸಿದರೆ ಆರ್‌ಕೆ4 ನಿಧಾನವಾಗಿ ಎನರ್ಜಿ ಕಳೆದುಕೊಳ್ಳುತ್ತೆ. ಲೀಪ್‌ಫ್ರಾಗಲ್ಲಿ ತಪ್ಪು ಏರಿಳಿಯುತ್ತೆ, ಒಂದೇ ಕಡೆ ಜಾರಲ್ಲ.

ಮೇಲ್‌ನಲ್ಲಿ ಮೂರೇ ಸಾಲು ಬರೆದೆ. ಅವರ ಚಿತ್ರ ಒಂದು ಕಡೆ, ನನ್ನದು ಪಕ್ಕದಲ್ಲಿ, ಕೆಳಗೆ ಎನರ್ಜಿ ಎರರ್ ಗ್ರಾಫ್. ಸಬ್ಜೆಕ್ಟ್ ಲೈನ್ ಏನಿತ್ತು ಅನ್ನೋದು ನನ್ನ ಹತ್ತಿರವೇ ಇರಲಿ. ಎರಡು ದಿನದಲ್ಲಿ ಉತ್ತರ ಬಂತು. ಇಂಟರ್ವ್ಯೂನಲ್ಲಿ ಅಂಕಪಟ್ಟಿ ಯಾರೂ ತಿರುಗಿಸಲಿಲ್ಲ. ಒಳಭಾಗದ ಸಾಂದ್ರತೆ ಯಾಕೆ ಪೇಪರಿಗಿಂತ ಕಮ್ಮಿ ಬಂದಿದೆ ಅಂತ ಮುಕ್ಕಾಲು ಗಂಟೆ ಅದೇ ಗ್ರಾಫ್ ಮೇಲೆ ಚರ್ಚೆ. ಕಣ ಕಮ್ಮಿ, ಸಾಫ್ಟನಿಂಗ್ ಜಾಸ್ತಿ ಅಂದೆ. ತಲೆಯಾಡಿಸಿದರು.

ನೆಟ್ ಜೆಆರ್‌ಎಫ್ (ರಾಷ್ಟ್ರಮಟ್ಟದ ಪರೀಕ್ಷೆಯಿಂದ ಸಿಗುವ ರಿಸರ್ಚ್ ಫೆಲೋಶಿಪ್) ಮೊದಲೇ ಇತ್ತು, ಅದಿಲ್ಲದಿದ್ದರೆ ಗ್ರೂಪ್ ಒಪ್ಪಿದರೂ ಹೊಟ್ಟೆಪಾಡು ಕಷ್ಟ. ತಿಂಗಳಿಗೆ 37,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಆದರೆ ಮೊದಲ ಹಣ ಕೈಗೆ ಬರೋಕೆ ಐದಾರು ತಿಂಗಳೂ ಆಗಬಹುದು, ಸಾಲಕ್ಕೆ ಯಾರನ್ನಾದರೂ ಈಗಲೇ ನೋಡಿಟ್ಟುಕೊಳ್ಳಿ. ಗ್ರೂಪಿನ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ಅಕೌಂಟ್ ಮಾತ್ರ ಮೊದಲ ವಾರವೇ ಸಿಕ್ಕಿತು. ಅಲ್ಲಿ ನನಗೆ ಕೊಟ್ಟ ಮೊದಲ ಕೆಲಸ, ಸೀನಿಯರ್ ಒಬ್ಬರು ಬಿಟ್ಟುಹೋದ ಫೋರ್‌ಟ್ರಾನ್ 77 (ಹಳೇ ಪ್ರೋಗ್ರಾಮಿಂಗ್ ಭಾಷೆ) ಕೋಡ್ ಕ್ಲೀನ್ ಮಾಡೋದು.