ಚುಕ್ಕಿ ರಂಗೋಲಿಯಿಂದ ಲೋಟದವರೆಗೆ: ಮಗುವಿಗೆ ರೇಖಾಗಣಿತ ಕಲಿಸುವ ಬಗೆ

ಬಿಂದು, ಕೋನ, ಕರ್ಣ ಎಂಬ ಪದಗಳನ್ನು ಮಗು ಮೊದಲು ಬಾಯಿಪಾಠ ಮಾಡುವುದಕ್ಕಿಂತ, ಕೈಯಾರೆ ಎಳೆದು ಅಳೆದು ನೋಡಿದ ಮೇಲೆ ಅವುಗಳ ಹೆಸರನ್ನು ತಿಳಿಯುವುದು ಮೇಲು. ಅಂಗಳದ ಚುಕ್ಕಿ ರಂಗೋಲಿ ಅದಕ್ಕೆ ತಕ್ಕ ಜಾಗ. ರಂಗೋಲಿ ಪುಡಿಯ ಜೊತೆಗೆ ಒಂದು ಅಳತೆಪಟ್ಟಿ, ಒಂದಿಷ್ಟು ದಾರ ಇದ್ದರೆ ಸಾಕು.

ಮೊದಲು ಒಂದು ಚುಕ್ಕಿ ಇಡಿಸಿ. ಬಿಂದುವಿಗೆ ಸ್ಥಾನವಿದೆ, ಉದ್ದಗಲವಿಲ್ಲ. ಪುಡಿಯ ಚುಕ್ಕಿ ಅದರ ಗುರುತು ಮಾತ್ರ ಎಂದು ಹೇಳಿ. ಎರಡು ಚುಕ್ಕಿಗಳನ್ನು ನೇರವಾಗಿ ಕೂಡಿಸಿದರೆ ರೇಖಾಖಂಡ. ಅದೇ ಗೆರೆ ಎರಡೂ ಕಡೆಗೆ ಕೊನೆಯಿಲ್ಲದೆ ಸಾಗುತ್ತದೆಂದು ಭಾವಿಸಿದರೆ ಸರಳರೇಖೆ, ಒಂದೇ ಕಡೆಗೆ ಸಾಗಿದರೆ ಕಿರಣ.

ನೇರ ಚುಕ್ಕಿಯಲ್ಲಿ ಚುಕ್ಕಿಗಳು ಒಂದರ ಕೆಳಗೊಂದು ಬರುವುದರಿಂದ, ಎಲ್ಲ ಅಂತರಗಳೂ ಸಮವಾಗಿದ್ದರೆ ಅಕ್ಕಪಕ್ಕದ ನಾಲ್ಕು ಚುಕ್ಕಿಗಳ ನಡುವೆ ಚೌಕ ಮೂಡುತ್ತದೆ. ಸಂದು ಚುಕ್ಕಿಯಲ್ಲಿ ಕೆಳಸಾಲಿನ ಚುಕ್ಕಿ ಮೇಲಿನ ಎರಡರ ನಡುವಿಗೆ ಬರುವುದರಿಂದ ತ್ರಿಭುಜ ಮೂಡುತ್ತದೆ. ಅದು ಸಮಬಾಹು ತ್ರಿಭುಜವಾಗಬೇಕಾದರೆ, ಚುಕ್ಕಿಗಳು 4 ಸೆಂ.ಮೀ. ದೂರವಿದ್ದಾಗ ಸಾಲುಗಳ ಅಂತರ ಸುಮಾರು 3.5 ಸೆಂ.ಮೀ. ಇರಬೇಕು, ಸಾಲುಗಳನ್ನೂ 4 ಸೆಂ.ಮೀ. ದೂರಕ್ಕೆ ಇಟ್ಟರೆ ಎರಡು ಬಾಹುಗಳಷ್ಟೇ ಸಮವಾಗಿ ಸಮದ್ವಿಬಾಹು ತ್ರಿಭುಜವಾಗುತ್ತದೆ. 7ರಿಂದ 4ರವರೆಗಿನ ಸಂದು ಚುಕ್ಕಿಯೆಂದರೆ 4, 5, 6, 7, 6, 5, 4, ಒಟ್ಟು 37 ಚುಕ್ಕಿ. ಹೊರ ಅಂಚಿನ ಚುಕ್ಕಿಗಳನ್ನು ಸುತ್ತಲೂ ಕೂಡಿಸಿದರೆ ಷಡ್ಭುಜ ಸಿಗುತ್ತದೆ. ಅದರೊಳಗಿನ ಪುಟ್ಟ ತ್ರಿಭುಜಗಳನ್ನು ಮಗುವೇ ಎಣಿಸಲಿ. 54 ಬರಬೇಕು.

ಕೋನಕ್ಕೆ ಬಾಗಿಲು ಸಾಕು. ತುಸು ತೆರೆದಾಗ ಲಘುಕೋನ, ಗೋಡೆಗೆ ನೆಟ್ಟಗೆ ನಿಂತಾಗ 90 ಡಿಗ್ರಿಯ ಲಂಬಕೋನ, ಇನ್ನೂ ಸರಿದರೆ ವಿಶಾಲಕೋನ. ತೋಳು ಉದ್ದವಾದಷ್ಟೂ ಕೋನ ದೊಡ್ಡದೆಂದು ಮಕ್ಕಳು ತಪ್ಪು ತಿಳಿಯುವುದುಂಟು. ಬೀರುವಿನ ಸಣ್ಣ ಬಾಗಿಲನ್ನೂ ಅಷ್ಟೇ ತೆರೆದು ತೋರಿಸಿದರೆ, ಕೋನವೆಂದರೆ ತಿರುಗಿದ ಪ್ರಮಾಣವೆಂಬುದು ಮಾತಿಲ್ಲದೆ ತಿಳಿಯುತ್ತದೆ.

ಕಿಟಕಿ ಕಂಡೊಡನೆ ಆಯತವೆಂದು ಒಪ್ಪಿಕೊಳ್ಳಲು ಬಿಡಬೇಡಿ. ಎದುರುಬದುರು ಬಾಹುಗಳು ಸಮವಾಗಿದ್ದ ಮಾತ್ರಕ್ಕೆ ಅದು ಆಯತವಲ್ಲ, ಓರೆಯಾದ ಸಮಾಂತರ ಚತುರ್ಭುಜವೂ ಆಗಿರಬಹುದು. ಆದ್ದರಿಂದ ದಾರವನ್ನು ಮೂಲೆಯಿಂದ ಎದುರು ಮೂಲೆಗೆ ಹಿಡಿದು ಎರಡು ಕರ್ಣಗಳನ್ನೂ ಅಳೆಯಿರಿ. ಅವೂ ಸಮವಾದರೆ ಮಾತ್ರ ಆಯತ. ಬಡಗಿಗಳು ಚೌಕಟ್ಟನ್ನು ಪರೀಕ್ಷಿಸುವುದೂ ಹೀಗೆಯೇ.

ಬಳೆ ವೃತ್ತ. ಅದರ ಅಂಚಿನಿಂದ ಅಂಚಿಗೆ ಎಳೆದ ಗೆರೆಗಳೆಲ್ಲ ಜ್ಯಾಗಳು, ಅವುಗಳಲ್ಲಿ ಅತಿ ಉದ್ದನೆಯದು ವ್ಯಾಸ. ಬಳೆಯ ಹೊರಗೆ ಒಂದು ಸುತ್ತು ಸುತ್ತಿದ ದಾರವನ್ನು ಬಿಚ್ಚಿ ಹೊರವ್ಯಾಸದಿಂದ ಅಳೆದರೆ, ಮೂರು ಬಾರಿ ಹಿಡಿದ ಮೇಲೂ ವ್ಯಾಸದ ಸುಮಾರು ಏಳನೆಯ ಒಂದು ಭಾಗ ಉಳಿಯುತ್ತದೆ. ಬಳೆ ದೊಡ್ಡದಿರಲಿ, ಚಿಕ್ಕದಿರಲಿ, ಈ ಪ್ರಮಾಣ ಬದಲಾಗದು.

ಕೊನೆಗೆ ಸ್ಟೀಲ್ ಲೋಟ. ಬಾಯಿಯೂ ತಳವೂ ಸಮವಾಗಿದ್ದರೆ ಸಿಲಿಂಡರ್. ಬಾಯಿ ಅಗಲವಾಗಿ ತಳ ಕಿರಿದಾಗಿದ್ದರೆ ಅದು ಶಂಕುವಿನ ಭಿನ್ನಕ, ಅಂದರೆ ತುದಿ ಕತ್ತರಿಸಿದ ಶಂಕು. ಅನುಮಾನವಿದ್ದರೆ ನೆಲದ ಮೇಲೆ ಉರುಳಿಸಿ. ಸಿಲಿಂಡರ್ ನೇರವಾಗಿ ಉರುಳುತ್ತದೆ. ಭಿನ್ನಕವು ಬಾಗಿ ಸುತ್ತು ಹಾಕುತ್ತದೆ, ಆ ಸುತ್ತಿನ ಕೇಂದ್ರವು ಕತ್ತರಿಸಿ ಹೋದ ತುದಿ ಇರಬೇಕಾಗಿದ್ದ ಜಾಗವೇ ಆಗಿರುತ್ತದೆ.